ರೆಸಾರ್ಟ್: ಮೊದಲು ಜಾಗ, ಆಮೇಲೆ ಲೈಸೆನ್ಸ್

ಕೇರಳದ ವೆಂಬನಾಡ್ ಹಿನ್ನೀರಿನಲ್ಲಿ ನೆಡಿಯತುರುತ್ತು ಎಂಬ ದ್ವೀಪವಿದೆ. ಅಲ್ಲಿ ಎದ್ದ ಕಾಪಿಕೊ ರೆಸಾರ್ಟಿನಲ್ಲಿ 54 ವಿಲ್ಲಾಗಳಿದ್ದವು. ಗ್ರಾಮ ಪಂಚಾಯಿತಿಯಿಂದ ಕಟ್ಟಡ ಪರವಾನಗಿಯೂ ಸಿಕ್ಕಿತ್ತು. ಆದರೂ ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಕಟ್ಟಲಾಗಿದೆ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೆಲಸಮಕ್ಕೆ ಆದೇಶಿಸಿತು. 2022ರ ಸೆಪ್ಟೆಂಬರಿನಲ್ಲಿ ವಿಲ್ಲಾಗಳನ್ನು ಒಡೆಯುವ ಕೆಲಸ ಶುರುವಾಯಿತು.

ಕೊಡಗು, ಚಿಕ್ಕಮಗಳೂರು, ಕರಾವಳಿಯಲ್ಲಿ ತೋಟ ಅಥವಾ ಜಮೀನು ಇಟ್ಟುಕೊಂಡು ರೆಸಾರ್ಟಿನ ಯೋಚನೆ ಮಾಡುತ್ತಿರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 'ರೆಸಾರ್ಟ್ ಲೈಸೆನ್ಸ್' ಎಂಬ ಒಂದೇ ಕಾಗದ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಹತ್ತಾರು ಇಲಾಖೆಗಳು ತಮ್ಮ ತಮ್ಮ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುತ್ತವೆ. ಒಂದು ಇಲಾಖೆ ಹೂಂ ಅಂದ ಮಾತ್ರಕ್ಕೆ ಇನ್ನೊಂದು ಇಲಾಖೆಯ ತಕರಾರು ತೀರಿಹೋಗುವುದಿಲ್ಲ.

ಜಮೀನಿನ ಕಾಗದ

ಕೃಷಿ ಜಮೀನಿನಲ್ಲಿ ರೆಸಾರ್ಟ್ ಕಟ್ಟಬೇಕಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 95ರ ಅಡಿ ಭೂ ಪರಿವರ್ತನೆ ಆಗಬೇಕು. ಜನ ಇದನ್ನೇ 'ಅಲಿನೇಷನ್' ಎನ್ನುತ್ತಾರೆ. ಜಮೀನು ಕೊಂಡು ಕಟ್ಟುವವರು ಪಹಣಿಯಲ್ಲಿ ಹೆಸರು ನೋಡಿ ಸುಮ್ಮನಾಗಬಾರದು, ಮೂಲ ಮಂಜೂರಾತಿ ಕಾಗದವನ್ನೂ ತೆಗೆಸಿ ಓದಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯಕ್ಕೆ ಬೆಲೆಯೇ ಇಲ್ಲ.

ಕಾಡಂಚು, ಕಡಲಂಚು

ಸ್ವಂತ ಪಟ್ಟಾ ಜಮೀನು ಎಂದ ಕೂಡಲೇ ಏನು ಬೇಕಾದರೂ ಕಟ್ಟಬಹುದು ಎಂದಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸುವ ಅಧಿಸೂಚನೆಗಳು ಸಾಮಾನ್ಯವಾಗಿ ಗಡಿಯಿಂದ 1 ಕಿ.ಮೀ. ಒಳಗೆ ಹೊಸ ವಾಣಿಜ್ಯ ಹೋಟೆಲ್, ರೆಸಾರ್ಟ್ ಬೇಡ ಎನ್ನುತ್ತವೆ. ಬಂಡೀಪುರದಾಚೆ ನೀಲಗಿರಿಯ ಆನೆ ಕಾರಿಡಾರಿನಲ್ಲಿ 11 ರೆಸಾರ್ಟ್‌ಗಳಿಗೆ 48 ಗಂಟೆಯೊಳಗೆ ಬೀಗ ಹಾಕುವಂತೆ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2020ರ ಅಕ್ಟೋಬರಿನಲ್ಲಿ ಆ ಕಾರಿಡಾರನ್ನು ಘೋಷಿಸಿದ ಅಧಿಸೂಚನೆಯನ್ನೇ ಎತ್ತಿಹಿಡಿಯಿತು. ಆನೆಗಳು ತಲೆಮಾರುಗಳಿಂದ ನಡೆದು ಬಂದ ದಾರಿಗೆ ಬೇಲಿ ಹಾಕುವ ಹಕ್ಕು ಯಾವ ಪಹಣಿಯಿಂದಲೂ ಬರುವುದಿಲ್ಲ.

ಕರಾವಳಿಯಲ್ಲಿ ಲೆಕ್ಕ ಶುರುವಾಗುವುದು ಉಬ್ಬರದ ರೇಖೆಯಿಂದ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಹಳ್ಳಿಗಾಡಿನ ಕಡಲತೀರದಲ್ಲಿ, 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ. ನಿಮ್ಮ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಎಂಬುದನ್ನು ಸರ್ಕಾರ ಅನುಮೋದಿಸಿದ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನೋಡಬೇಕು.

ಕಟ್ಟಡ, ನೀರು, ಕೊಳಚೆ

ಜಾಗದ ಪ್ರಶ್ನೆ ಬಗೆಹರಿದ ಮೇಲೆ ಕಟ್ಟಡ ಪರವಾನಗಿ, ಟ್ರೇಡ್ ಲೈಸೆನ್ಸ್‌ಗಾಗಿ ಪಂಚಾಯಿತಿಗೆ ಹೋಗಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಎರಡು ಹಂತದ್ದು: ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ, ಬಾಗಿಲು ತೆರೆಯುವ ಮೊದಲು ಕಾರ್ಯಾಚರಣೆ ಸಮ್ಮತಿ. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಗುಡ್ಡದ ಮೇಲಿನ ರೆಸಾರ್ಟ್ ಹರಿಬಿಟ್ಟ ಕೊಳಚೆ ಕೆಳಗಿನ ಹಳ್ಳಿಯವರು ಕುಡಿಯುವ ಹಳ್ಳ ಸೇರುತ್ತದೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪ್ರತ್ಯೇಕ ಪರಿಸರ ಅನುಮತಿಯೂ ಬೇಕು.

ಅತಿಥಿಗಳ ಸುರಕ್ಷತೆ

ಅಡುಗೆಮನೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ಮದ್ಯ ಕೊಡುವುದಾದರೆ ಅಬಕಾರಿ ಸನ್ನದು ಬೇಕು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಅಗ್ನಿಶಾಮಕ ವ್ಯವಸ್ಥೆ, ಈಜುಕೊಳದ ಆಳದ ಫಲಕ, ಜೀವರಕ್ಷಕ ಇವನ್ನೆಲ್ಲ ಕಾಗದದ ಶಾಸ್ತ್ರ ಎಂದುಕೊಂಡರೆ ಜೀವ ಹೋಗುತ್ತದೆ. 2024ರ ನವೆಂಬರಿನಲ್ಲಿ ಮಂಗಳೂರಿನ ಬಳಿ ಸೋಮೇಶ್ವರದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು.

ಹೋಂಸ್ಟೇ, ಸ್ಟಾರ್

ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ. ಕೇಂದ್ರದ ಯೋಜನೆಯಲ್ಲಿ ಅದಕ್ಕೆ ಗರಿಷ್ಠ 6 ಕೋಣೆ, 12 ಹಾಸಿಗೆಯ ಮಿತಿಯಿದೆ. ಹೋಂಸ್ಟೇ ಫಲಕ ಹಾಕಿ ರೆಸಾರ್ಟ್ ನಡೆಸಿದರೆ ನಿಜವಾಗಿ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವವರಿಗೇ ಕೆಟ್ಟ ಹೆಸರು. ಸ್ಟಾರ್ ದರ್ಜೆ ಕಡ್ಡಾಯವಲ್ಲ. ಕನಿಷ್ಠ 10 ಕೋಣೆಯಿದ್ದು ಮಾಲೀಕರು ಅರ್ಜಿ ಹಾಕಿದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ ಪರಿಶೀಲಿಸಿ ಕೊಡುತ್ತದೆ. ಅದು ಸೌಕರ್ಯದ ಅಳತೆಯೇ ಹೊರತು ಜಾಗ ಕಾನೂನುಬದ್ಧ ಎಂಬುದಕ್ಕೆ ಪುರಾವೆಯಲ್ಲ.

ಕಟ್ಟುವವರು ಸಾಲದ ಅರ್ಜಿ, ವಾಸ್ತುಶಿಲ್ಪಿಯ ನಕ್ಷೆಗೂ ಮೊದಲು ಕಂದಾಯ, ಅರಣ್ಯ, ಕರಾವಳಿ ನಿಯಮಗಳನ್ನು ಲಿಖಿತ ಉತ್ತರ ಪಡೆದು ಖಚಿತಪಡಿಸಿಕೊಳ್ಳಿ. ತಂಗಲು ಹೋಗುವವರು ಬುಕ್ ಮಾಡುವ ಮುನ್ನ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ, ಈಜುಕೊಳಕ್ಕೆ ಜೀವರಕ್ಷಕ ಇದ್ದಾರೆಯೇ ವಿಚಾರಿಸಿ. ಉತ್ತರ ಸರಿಯಾಗಿ ಬರದಿದ್ದರೆ ಬೇರೆ ಜಾಗ ನೋಡಿಕೊಳ್ಳಿ.