ಸೆನ್ಸರ್ ಸುಮ್ಮನಾದರೆ ಸಸಿ ಒಣಗುತ್ತೆ: ವೈರ್‌ಲೆಸ್ ನೋಡ್‌ಗಳ ರೂಟಿಂಗ್ ಸೆಟ್ಟಿಂಗ್ ಹೊಂದಿಸೋದು ಹೇಗೆ?

ಲಾಲ್‌ಬಾಗ್ ಪಕ್ಕದ ಸಿದ್ದಾಪುರ ಅಂದ್ರೆ ಬೆಂಗಳೂರಿನವರಿಗೆ ಮೊದಲು ನೆನಪಾಗೋದು ನರ್ಸರಿಗಳು. ರಸ್ತೆ ಬದಿಯಲ್ಲಿ ಸಾಲಾಗಿ ಕುಂಡ, ಒಳಗೆ ಶೇಡ್‌ನೆಟ್, ಅದರ ಕೆಳಗೆ ಬೆಂಚಿನ ಮೇಲೆ ಪ್ರೋಟ್ರೇಗಳು. ಟ್ರೇಯ ಒಂದೊಂದು ಗುಣಿಯಲ್ಲಿ ಇರೋದು ಒಂದು ಹಿಡಿಯೂ ಇಲ್ಲದಷ್ಟು ಕೊಕೊಪೀಟ್. ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಖಾಲಿ. ಹಾಗಂತ ಸುರಿಯುತ್ತಲೇ ಇದ್ದರೆ ಸಸಿಯ ಬುಡ ಕೊಳೆಯುತ್ತೆ. ನೀರಿಗೂ ಬರ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿರಬಹುದು.

ಹಾಗಾಗಿ ತೇವಾಂಶದ ಸೆನ್ಸರ್ ಇಟ್ಟು ಮೊಬೈಲ್‌ನಲ್ಲಿ ನೋಡಿ ನೀರು ಕೊಡುವ ಯುವಕರು ಈಗ ನರ್ಸರಿಯಲ್ಲೂ ಇದ್ದಾರೆ, ಹೊಲದಲ್ಲೂ ಇದ್ದಾರೆ. ಅವರಿಂದ ನಾನು ಹೆಚ್ಚು ಕೇಳುವ ದೂರು ಒಂದೇ: “ಸರ್, ಸೆನ್ಸರ್ ಚೆನ್ನಾಗೇ ಇದೆ. ಆದ್ರೆ ಮಧ್ಯೆ ಮಧ್ಯೆ ಓದು ಬರೋದೇ ಇಲ್ಲ.” ತುಂಬಾ ಸಲ ಇದಕ್ಕೆ ಕಾರಣ ಸೆನ್ಸರ್ ಅಲ್ಲ. ಓದು ಸಾಗಿ ಬರುವ ದಾರಿ. ಆ ದಾರಿಯನ್ನು ತೀರ್ಮಾನ ಮಾಡೋದೇ ರೂಟಿಂಗ್ ಪ್ರೋಟೋಕಾಲ್. ನಾನು ಓದಿದ್ದು ತೋಟಗಾರಿಕೆ, ಎಲೆಕ್ಟ್ರಾನಿಕ್ಸ್ ಅಲ್ಲ. ಆದರೂ ಈ ಸೆಟ್ಟಿಂಗ್‌ಗಳು ಅರ್ಥವಾದವು ಅಂದ್ರೆ ನಿಮಗೂ ಆಗುತ್ತವೆ.

ದಾರಿ ಅಂದ್ರೆ ಏನು?

ಹತ್ತು ನೋಡ್ ಇವೆ, ಎಲ್ಲವೂ ಗೇಟ್‌ವೇಗೆ ನೇರವಾಗಿ ಮುಟ್ಟಲ್ಲ ಅಂದುಕೊಳ್ಳಿ. ಆಗ ದೂರದ ನೋಡ್ ತನ್ನ ಓದನ್ನು ಪಕ್ಕದ್ದಕ್ಕೆ ಕೊಡುತ್ತೆ, ಅದು ಮುಂದಿನದಕ್ಕೆ. ಒಂದೊಂದು ಜಿಗಿತಕ್ಕೂ ಹಾಪ್ ಅಂತ ಹೆಸರು. ಕಾಲುವೆಯ ನೀರನ್ನೇ ತಿರುಗಾಮುರುಗಾ ಮಾಡಿ ನೋಡಿ: ಕವಲುಗಳಿಂದ ಹೊರಟು ತೂಬಿನ ಕಡೆಗೆ ಹರಿಯುತ್ತೆ. ಯಾವ ಕವಲು ಯಾವುದಕ್ಕೆ ಸೇರಬೇಕು, ಒಂದು ಕಡೆ ಕಟ್ಟಿಕೊಂಡರೆ ಯಾವ ಕಡೆ ತಿರುಗಬೇಕು ಅನ್ನೋದೇ ರೂಟಿಂಗ್.

ಇಲ್ಲಿ ಖರ್ಚಾಗೋದು ಬ್ಯಾಟರಿ. ತುಂಬಾ ಜನ ರೇಡಿಯೋ ಮಾತಾಡುವಾಗ ಮಾತ್ರ ಬ್ಯಾಟರಿ ತಿನ್ನುತ್ತೆ ಅಂದುಕೊಂಡಿದ್ದಾರೆ. ಸೆನ್ಸರ್ ನೋಡ್‌ಗಳಲ್ಲಿ ಬಹಳ ಬಳಕೆಯಾದ ಸಿಸಿ2420 ರೇಡಿಯೋ ಚಿಪ್ಪನ್ನೇ ತಗೊಳ್ಳಿ. ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ ಅದಕ್ಕೆ 17.4 ಮಿಲಿಆಂಪ್ ಬೇಕು, ಸುಮ್ಮನೆ ಕಿವಿಗೊಟ್ಟು ಕೂತಿದ್ದರೆ 18.8 ಮಿಲಿಆಂಪ್. ಅಂದ್ರೆ ಕೇಳೋದೇ ದುಬಾರಿ! 2,500 ಮಿಲಿಆಂಪ್-ಗಂಟೆಯ ಬ್ಯಾಟರಿ ಹಾಕಿ ರೇಡಿಯೋ ಸದಾ ಆನ್ ಇಟ್ಟರೆ 133 ಗಂಟೆ, ಐದೂವರೆ ದಿನಕ್ಕೆ ಮುಗೀತು. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿರುವ ಹಾಗೆ ಮಾಡಿದರೆ ಅದೇ ಬ್ಯಾಟರಿ, ಲೆಕ್ಕದ ಪ್ರಕಾರ, ವರ್ಷ ದಾಟುತ್ತೆ. ಕೆಳಗೆ ಹೇಳುವ ಸೆಟ್ಟಿಂಗ್‌ಗಳೆಲ್ಲ ಈ ಒಂದು ಚೌಕಾಸಿಯ ಸುತ್ತಲೇ ಇವೆ. ಓದೂ ತಲುಪಬೇಕು, ಬ್ಯಾಟರಿಯೂ ಉಳಿಯಬೇಕು.

ಪಾವಗಡದ ಶೇಂಗಾ ಹೊಲ, ಹಾಲೆಂಡಿನ ಆಲೂ ಹೊಲ

ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 2000ರ ದಶಕದ ನಡುವಿನಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸೇರಿ ‘ಕಾಮನ್‌ಸೆನ್ಸ್ ನೆಟ್’ ಅನ್ನುವ ಯೋಜನೆ ಮಾಡಿದ್ದವು. ಜಾಗ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ. ಮಳೆ ನಂಬಿದ ಶೇಂಗಾ ಬೆಳೆಗಾರರ ಸೀಮೆ. ಮಣ್ಣಿನ ತೇವ, ಉಷ್ಣಾಂಶ, ಗಾಳಿಯ ತೇವಾಂಶ ಅಳೆದು, ಇರುವ ಅಲ್ಪ ನೀರನ್ನು ಯಾವಾಗ ಕೊಟ್ಟರೆ ಬೆಳೆ ಉಳಿಯುತ್ತೆ ಅಂತ ತಿಳಿಯೋದು ಉದ್ದೇಶ. ಅವರು ಮೊದಲು ಮಾಡಿದ್ದು ರೈತರಿಗೆ ಯಾವ ಮಾಹಿತಿ ಬೇಕು ಅಂತ ಊರಲ್ಲಿ ಕೇಳಿ ತಿಳಿದುಕೊಳ್ಳುವ ಕೆಲಸ. ನಾವೂ ಅಲ್ಲಿಂದಲೇ ಶುರು ಮಾಡಬೇಕು.

ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ಅದೇ ಕಾಲದಲ್ಲಿ ಆಲೂಗಡ್ಡೆ ಹೊಲದಲ್ಲಿ ನೂರರಷ್ಟು ನೋಡ್ ಇಟ್ಟರು. ಅಂಗಮಾರಿ ರೋಗದ ಮುನ್ಸೂಚನೆ ಸಿಗಲಿ ಅಂತ. ಕೊನೆಗೆ ಕೈಗೆ ಬಂದಿದ್ದು ಬರಬೇಕಿದ್ದ ಮಾಹಿತಿಯ ಶೇ. 2 ಮಾತ್ರ. ಅವರು ಅದನ್ನು ಮುಚ್ಚಿಡದೆ 2006ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಲ್ಯಾಬಿನ ಮೇಜಿನ ಮೇಲೆ ಓಡಿದ ಸೆಟ್ಟಿಂಗ್ ಹೊಲದಲ್ಲೂ ಓಡುತ್ತೆ ಅಂತ ನಂಬಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಸೆಟ್ಟಿಂಗ್ 1: ಓದು ಎಷ್ಟು ಹೊತ್ತಿಗೊಮ್ಮೆ?

ಇದು ರೂಟಿಂಗ್ ಸೆಟ್ಟಿಂಗ್ ಅಲ್ಲ, ಆದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಹೊಲದ ಮಣ್ಣು ನಿಮಿಷಕ್ಕೊಮ್ಮೆ ಒಣಗಲ್ಲ. ಅರ್ಧ ಗಂಟೆಗೊಂದು ಓದು ಸಾಕು. ಪ್ರೋಟ್ರೇ ಆದರೆ 10-15 ನಿಮಿಷ. ನಿಮಿಷಕ್ಕೊಂದು ಓದು ಕಳಿಸಿದರೆ ದಿನಕ್ಕೆ 1,440, ಹದಿನೈದು ನಿಮಿಷಕ್ಕಾದರೆ 96. ಸಸಿಗೆ ಎರಡೂ ಒಂದೇ, ಬ್ಯಾಟರಿಗೆ ಅಲ್ಲ.

ಸೆಟ್ಟಿಂಗ್ 2: ದಾರಿಯ ಆಯಸ್ಸು

ಎಒಡಿವಿ ಅನ್ನೋದು 2003ರಲ್ಲಿ ಪ್ರಕಟವಾದ ಹಳೇ ಪ್ರೋಟೋಕಾಲ್. ಜಿಗ್ಬೀ ನೋಡ್‌ಗಳು ದಾರಿ ಹುಡುಕುವ ರೀತಿಯೂ ಇದನ್ನೇ ಆಧರಿಸಿದೆ. ಇದನ್ನು ಮಾಡಿದ್ದು ಓಡಾಡುವ ಸಾಧನಗಳಿಗೆ. ಹಾಗಾಗಿ ಮೂಲ ದಾಖಲೆಯ ಪ್ರಕಾರ, ಬಳಸದ ದಾರಿ 3 ಸೆಕೆಂಡಿಗೆ ಹಳೆಯದಾಗುತ್ತೆ. ನಮ್ಮ ನೋಡ್‌ಗಳೋ ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಇದ್ದಲ್ಲೇ ಇರುತ್ತವೆ. ಹದಿನೈದು ನಿಮಿಷಕ್ಕೊಮ್ಮೆ ಓದು ಕಳಿಸೋದಾದರೆ, ಪ್ರತಿ ಸಲವೂ ದಾರಿ ಸತ್ತಿರುತ್ತೆ. “ಗೇಟ್‌ವೇ ಎಲ್ಲಿ?” ಅಂತ ಇಡೀ ತೋಟಕ್ಕೆ ಮತ್ತೆ ಕೂಗಬೇಕು. ಒಂದು ಓದಿಗೆ ಹತ್ತು ಕೂಗು! ನಿಮ್ಮ ಕಿಟ್‌ನಲ್ಲಿ ಈ ಅವಧಿ ಬದಲಿಸುವ ಅವಕಾಶ ಇದ್ದರೆ, ಓದಿನ ಅವಧಿಯ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಇಡಿ.

ಸೆಟ್ಟಿಂಗ್ 3: ‘ಇದ್ದೀನಿ’ ಅನ್ನೋ ಸಂದೇಶ

ಆರ್‌ಪಿಎಲ್ 2012ರಲ್ಲಿ ಬಂದ, ಸೆನ್ಸರ್‌ಗಳಿಗೇ ಅಂತ ಮಾಡಿದ ಪ್ರೋಟೋಕಾಲ್. ಇದರಲ್ಲಿ ‘ಟ್ರಿಕಲ್’ ಅನ್ನೋ ಟೈಮರ್ ಇದೆ. ಎಲ್ಲ ಸರಿಯಾಗಿದ್ದರೆ ನೋಡ್‌ಗಳು ‘ಇದ್ದೀನಿ’ ಅನ್ನೋ ಅಂತರವನ್ನು ಎರಡರಷ್ಟು, ಮತ್ತೆ ಎರಡರಷ್ಟು ಮಾಡ್ತಾ ಹೋಗುತ್ತವೆ. ಏನಾದರೂ ಏರುಪೇರಾದ ತಕ್ಷಣ ಮತ್ತೆ ಕನಿಷ್ಠಕ್ಕೆ ಇಳಿದು ಬೇಗ ಬೇಗ ಮಾತಾಡಿ ದಾರಿ ಸರಿ ಮಾಡಿಕೊಳ್ಳುತ್ತವೆ. ಮೂಲ ದಾಖಲೆಯಲ್ಲಿ ಈ ಅಂತರ 8 ಮಿಲಿಸೆಕೆಂಡಿನಿಂದ ಶುರುವಾಗಿ 20 ಸಲ ಎರಡರಷ್ಟಾಗಿ ಸುಮಾರು 2 ಗಂಟೆ 20 ನಿಮಿಷಕ್ಕೆ ಮುಟ್ಟುತ್ತೆ. ಸೆನ್ಸರ್ ನೋಡ್‌ಗಳಲ್ಲಿ ಹೆಸರಾದ ಕಾಂಟಿಕಿ ತಂತ್ರಾಂಶ 4 ಸೆಕೆಂಡಿನಿಂದ ಶುರು ಮಾಡಿ ಹದಿನೇಳೂವರೆ ನಿಮಿಷಕ್ಕೆ ನಿಲ್ಲುತ್ತೆ.

ನಿಮಗೆ ಯಾವುದು? ಸಿದ್ದಾಪುರದಂಥ ನರ್ಸರಿಯಲ್ಲಿ ದಿನವಿಡೀ ಟ್ರೇ, ಕುಂಡ, ತಳ್ಳುಗಾಡಿ ಜಾಗ ಬದಲಿಸುತ್ತಾ ಇರುತ್ತವೆ. ದಾರಿಗೆ ಅಡ್ಡ ಬರುತ್ತವೆ. ಅಲ್ಲಿ ಹದಿನೇಳು ನಿಮಿಷದ ಮಿತಿ ಸರಿ. ಮಾವಿನ ತೋಟದಲ್ಲಿ ಏನೂ ಕದಲಲ್ಲ, ಗಂಟೆ ದಾಟಿದರೂ ನಷ್ಟವಿಲ್ಲ.

ಸೆಟ್ಟಿಂಗ್ 4: ಹತ್ತಿರದ ದಾರಿಯೋ, ಗಟ್ಟಿ ದಾರಿಯೋ?

ಕೆಲವು ನೋಡ್‌ಗಳು ಕಡಿಮೆ ಹಾಪ್ ಇರುವ ದಾರಿಯನ್ನೇ ಆರಿಸುತ್ತವೆ. ಕೇಳೋಕೆ ಚೆನ್ನಾಗಿದೆ, ಆದರೆ ಲೆಕ್ಕ ಹಾಕಿ. ಉದ್ದನೆಯ ಒಂದೇ ಹಾಪ್‌ನಲ್ಲಿ ನೂರಕ್ಕೆ 40 ಸಲ ಮಾತ್ರ ತಲುಪುತ್ತೆ ಅಂದ್ರೆ, ಒಂದು ಓದು ತಲುಪಿಸೋಕೆ ಸರಾಸರಿ ಎರಡೂವರೆ ಸಲ ಕಳಿಸಬೇಕು. ನೂರಕ್ಕೆ 95 ಸಲ ತಲುಪುವ ಎರಡು ಚಿಕ್ಕ ಹಾಪ್ ಆದರೆ ಒಟ್ಟು 2.1 ಸಲ. ಎರಡು ಹಾಪ್‌ನ ದಾರಿಯೇ ಅಗ್ಗ! ಈ ಲೆಕ್ಕಕ್ಕೆ ಇಟಿಎಕ್ಸ್ ಅಂತ ಹೆಸರು. ಸೆಟ್ಟಿಂಗ್‌ನಲ್ಲಿ ‘ಹಾಪ್ ಕೌಂಟ್’ ಮತ್ತು ‘ಇಟಿಎಕ್ಸ್’ ಎರಡೂ ಇದ್ದರೆ ಕಣ್ಮುಚ್ಚಿ ಇಟಿಎಕ್ಸ್ ಆರಿಸಿ.

ಜೊತೆಗೆ ಒಂದು ತಡೆಯೂ ಬೇಕು. ಗಾಳಿಗೆ ಎಲೆ ಅಲ್ಲಾಡಿದರೂ ಲಿಂಕ್ ಏರಿಳಿಯುತ್ತೆ. ಅದಕ್ಕೆಲ್ಲ ನೋಡ್ ದಾರಿ ಬದಲಿಸ್ತಾ ಕೂತರೆ ಅದೇ ಕೆಲಸವಾಗುತ್ತೆ. ಆರ್‌ಪಿಎಲ್ ಜೊತೆ ಬಳಸುವ ನಿಯಮದಲ್ಲಿ ಈ ತಡೆಗೆ 192 ಅನ್ನೋ ಅಂಕಿ ಇರುತ್ತೆ. 128 ಅಂದ್ರೆ ಒಂದು ಸಲ ಕಳಿಸುವ ಖರ್ಚು. ಹೊಸ ದಾರಿ ಒಂದೂವರೆ ಸಲದಷ್ಟು ಅಗ್ಗವಾಗಿದ್ದರೆ ಮಾತ್ರ ಬದಲಿಸು ಅಂತ ಅರ್ಥ. ಅದನ್ನು ಹಾಗೇ ಬಿಡಿ.

ಸೆಟ್ಟಿಂಗ್ 5: ಮರುಪ್ರಯತ್ನ

ಒಂದೊಂದು ಹಾಪ್‌ನಲ್ಲಿ ಶೇ. 90 ತಲುಪುತ್ತೆ ಅಂದ್ರೆ ಪರವಾಗಿಲ್ಲ ಅನ್ಸುತ್ತೆ. ಆದರೆ ನಾಲ್ಕು ಹಾಪ್ ದಾಟುವಷ್ಟರಲ್ಲಿ ಉಳಿಯೋದು ಶೇ. 66. ಮೂರರಲ್ಲಿ ಒಂದು ಓದು ದಾರಿಯಲ್ಲೇ ಹೋಯ್ತು. ತಲುಪದಿದ್ದರೆ ಇನ್ನೊಂದು ಸಲ ಕಳಿಸು ಅಂತ ಒಂದೇ ಒಂದು ಮರುಪ್ರಯತ್ನ ಇಟ್ಟರೆ ಅದು ಶೇ. 96 ಆಗುತ್ತೆ. ಎರಡು ಇಟ್ಟರೆ ಶೇ. 99 ದಾಟುತ್ತೆ. ಅದರ ಮೇಲೆ ಹೆಚ್ಚಿಸಿದರೆ ಲಾಭ ಕಡಿಮೆ, ಗಲಾಟೆ ಜಾಸ್ತಿ. ಎರಡು ಅಥವಾ ಮೂರು ಸಾಕು.

ಗೇಟ್‌ವೇ ಪಕ್ಕದ ನೋಡ್ ಯಾಕೆ ಮೊದಲು ಸಾಯುತ್ತೆ?

ಒಂಬತ್ತು ನೋಡ್‌ಗಳ ಓದು ಒಂದೇ ನೋಡ್ ಮೂಲಕ ಹೋದರೆ, ತನ್ನದೂ ಸೇರಿ ಅದು ಹತ್ತು ಕಳಿಸಬೇಕು. ಅದರ ಬ್ಯಾಟರಿ ಮೊದಲು ಮುಗಿಯುತ್ತೆ. ಆ ದಿನ ಉಳಿದ ಒಂಬತ್ತೂ ಜೀವಂತ ಇದ್ದರೂ ನಿಮ್ಮ ಮೊಬೈಲ್‌ಗೆ ಏನೂ ಬರಲ್ಲ. 2000ರಲ್ಲಿ ಬಂದ ಲೀಚ್ ಪ್ರೋಟೋಕಾಲ್ ಈ ಭಾರವನ್ನು ಸರದಿ ಪ್ರಕಾರ ಹಂಚುತ್ತೆ. ಆದರೆ ನಮ್ಮಂಥವರಿಗೆ ಸೆಟ್ಟಿಂಗ್‌ಗಿಂತ ಸುಲಭದ ದಾರಿಗಳಿವೆ: ಗೇಟ್‌ವೇಯನ್ನು ಮೂಲೆಯ ಶೆಡ್ಡಿನಿಂದ ತೋಟದ ನಡುವಿಗೆ ತನ್ನಿ, ಅದರ ಹತ್ತಿರ ಎರಡು-ಮೂರು ನೋಡ್ ಇಡಿ, ಅವಕ್ಕೆ ಚಿಕ್ಕ ಸೋಲಾರ್ ಪ್ಯಾನೆಲ್ ಕೊಡಿ.

ಲೋರಾ ಬೋರ್ಡ್ ಇದ್ದರೆ

ಮೆಶ್‌ಟಾಸ್ಟಿಕ್ ಹಾಕಿದ ಬೋರ್ಡ್ ಬಳಸುವವರಿಗೆ ಎಲ್ಲವೂ ಮೊಬೈಲ್ ಆ್ಯಪ್‌ನಲ್ಲೇ ಸಿಗುತ್ತೆ. ಮೊದಲು ರೀಜನ್ ಅನ್ನು ಇಂಡಿಯಾ ಅಂತ ಇಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865-868 ಮೆಗಾಹರ್ಟ್ಸ್. ಬೋರ್ಡ್ ಕೊಳ್ಳುವಾಗಲೂ ಇದನ್ನೇ ನೋಡಿ. ಹಾಪ್ ಮಿತಿ 3 ಇರುತ್ತೆ. ಗರಿಷ್ಠ 7 ಇದೆ ಅಂತ ಏರಿಸಬೇಡಿ, ಒಂದೇ ಓದು ತೋಟದ ತುಂಬ ಪ್ರತಿಧ್ವನಿಸುತ್ತೆ. ಎಲ್ಲ ನೋಡ್‌ಗೂ ‘ರೂಟರ್’ ಪಾತ್ರ ಕೊಡಬೇಡಿ; ನೀರಿನ ಟ್ಯಾಂಕ್ ಮೇಲೆ ಎತ್ತರದಲ್ಲಿರುವ ಒಂದಕ್ಕೆ ಮಾತ್ರ ಕೊಡಿ. ಅಂಚಿನವು ‘ಕ್ಲೈಂಟ್ ಮ್ಯೂಟ್’ ಆಗಿರಲಿ, ತಮ್ಮ ಓದು ಮಾತ್ರ ಹೇಳಿ ಸುಮ್ಮನಿರುತ್ತವೆ. ‘ಲಾಂಗ್ ಫಾಸ್ಟ್’ನಲ್ಲಿ 40 ಬೈಟ್‌ನ ಸಂದೇಶಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತೆ, ‘ಶಾರ್ಟ್ ಫಾಸ್ಟ್’ನಲ್ಲಿ ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಚಿಕ್ಕ ನರ್ಸರಿಗೆ ಎರಡನೆಯದೇ ಸಾಕು.

2.4 ಗಿಗಾಹರ್ಟ್ಸ್‌ನ ಜಿಗ್ಬೀ ಇದ್ದರೆ ನಗರದಲ್ಲಿ ಇನ್ನೊಂದು ತೊಂದರೆ: ಅಕ್ಕಪಕ್ಕದ ಮನೆಗಳ ವೈಫೈ. ಚಾನೆಲ್ 25 ಅಥವಾ 26ಕ್ಕೆ ಹೋಗಿ, ಸಾಮಾನ್ಯ ವೈಫೈ ಚಾನೆಲ್‌ಗಳು ಅಲ್ಲಿವರೆಗೆ ಚಾಚಲ್ಲ.

ಹೊಂದಿಸುವ ಕ್ರಮ

1. ಮೊದಲು ಮೂರು ದಿನ ಏನೂ ಬದಲಿಸದೆ ಎಣಿಸಿ. ಹದಿನೈದು ನಿಮಿಷದ ಅವಧಿಯಾದರೆ ಪ್ರತಿ ನೋಡ್‌ನಿಂದ ದಿನಕ್ಕೆ 96 ಬರಬೇಕು. ಎಷ್ಟು ಬಂತು ಬರೆದಿಡಿ.
2. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಮತ್ತೆ ಮೂರು ದಿನ ಎಣಿಸಿ.
3. ನೀರು ಕೊಟ್ಟ ಮೇಲೆ ಮತ್ತು ಬೆಳೆ ಎತ್ತರವಾದ ಮೇಲೆ ಮತ್ತೆ ನೋಡಿ. ಎಲೆ ಅಂದ್ರೆ ನೀರು, ನೀರು ರೇಡಿಯೋ ಅಲೆಯನ್ನು ನುಂಗುತ್ತೆ. ಬಿತ್ತನೆ ದಿನ ಸರಿಯಿದ್ದ ದಾರಿ ಬೆಳೆ ತುಂಬಿಕೊಂಡ ಮೇಲೆ ಇರಲಿಕ್ಕಿಲ್ಲ. ಆಂಟೆನಾ ಬೆಳೆಗಿಂತ ಮೇಲಿರಲಿ.
4. ಪ್ರತಿ ನೋಡ್‌ನ ಬ್ಯಾಟರಿ ವೋಲ್ಟೇಜ್ ವಾರಕ್ಕೊಮ್ಮೆ ನೋಡಿ. ಒಂದು ಮಾತ್ರ ಬೇಗ ಇಳೀತಿದ್ದರೆ ಎಲ್ಲರ ಭಾರ ಅದರ ಮೇಲಿದೆ ಅಂತ ತಿಳೀರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಯಾವ ಸೆಟ್ಟಿಂಗ್ ಇಟ್ಟರೂ ಒಂದಲ್ಲ ಒಂದು ದಿನ ದಾರಿ ಕಡಿಯುತ್ತೆ. ಆಗ ತುಂಬಾ ಆ್ಯಪ್‌ಗಳು ಕೊನೆಗೆ ಬಂದ ಓದನ್ನೇ ತೋರಿಸ್ತಾ ಇರುತ್ತವೆ. ಬೆಳಿಗ್ಗೆ ಹತ್ತಕ್ಕೆ ಶೇ. 60 ತೇವ ಇತ್ತು, ಮಧ್ಯಾಹ್ನ ಮೂರಕ್ಕೂ ಅದೇ ಅಂಕಿ. ಅದನ್ನು ನಂಬಿ ಸುಮ್ಮನೆ ಕೂತರೆ ಟ್ರೇಯ 98 ಸಸಿಯೂ ಬಾಡಿರುತ್ತವೆ. ಅದಕ್ಕೇ ಓದಿನ ಪಕ್ಕ ಅದು ಬಂದ ಸಮಯ ಕಾಣೋ ಹಾಗೆ ಮಾಡ್ಕೊಳ್ಳಿ. ಸತತ ಮೂರು ಓದು ತಪ್ಪಿದರೆ ಫೋನ್ ಕೂಗಬೇಕು. ವಾಲ್ವ್ ತಾನಾಗೇ ತೆರೆಯುವ ವ್ಯವಸ್ಥೆ ಇದ್ದರೆ, ಓದು ಬರದಿದ್ದಾಗ ಅದು ಗಡಿಯಾರ ನೋಡಿ ನಿಗದಿತ ನೀರು ಕೊಡಬೇಕು. ಫೋನ್ ಕೂಗಿದಾಗ ಸೆಟ್ಟಿಂಗ್ ಆಮೇಲೆ ನೋಡಿದರಾಯ್ತು. ಮೊದಲು ಹೋಗಿ ಟ್ರೇ ಎತ್ತಿ ಭಾರ ನೋಡಿ, ಕೊಕೊಪೀಟ್‌ಗೆ ಬೆರಳಿಡಿ.