ನಿಮಗಿದು ಗೊತ್ತೆ? ಮಿರಜ್‌ನ ಡಿಶ್ ನೋಡಬೇಕಾದ ದಿಕ್ಕು
ಸಾಂಗ್ಲಿ, ಮಿರಜ್‌ಗಳ ಕನ್ನಡ ಮನೆಗಳಿಗೆ ಮಾಸಿಕ ಶುಲ್ಕವಿಲ್ಲದೆ ದೂರದರ್ಶನ ಚಂದನವನ್ನು ತಲುಪಿಸುವ ಡಿಡಿ ಫ್ರೀ ಡಿಶ್‌ನ ಸಂಕೇತಗಳು, ಸಮಭಾಜಕ ವೃತ್ತದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುವುದರಿಂದ, ಅಲ್ಲಿನ ಡಿಶ್ ಆಗ್ನೇಯಕ್ಕೆ ಮುಖಮಾಡಿ ಕ್ಷಿತಿಜದಿಂದ ಸುಮಾರು 60 ಡಿಗ್ರಿ ಮೇಲಕ್ಕೆ ನೋಡುವಂತಿರಬೇಕು. ಅಂಗಳದ ತೆಂಗಿನ ಗರಿಗಳು ಆ ನೇರಕ್ಕೆ ಬೆಳೆದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಜಡಿಮಳೆಯ ಹನಿಗಳು ಕೆಯು ಬ್ಯಾಂಡ್ ಎನಿಸಿಕೊಂಡ, ಸುಮಾರು 11 ಗಿಗಾಹರ್ಟ್ಸ್ ಆವರ್ತನದ ತರಂಗಗಳನ್ನು ಹೀರಿ ಚಿತ್ರ ಮಾಯವಾದಾಗ ಡಿಶ್ ತಿರುಗಿಸಲೇಬಾರದು, ಮಳೆ ತಗ್ಗಿದರೆ ಸಾಕು. ಬಿಸಿಲಿನಲ್ಲೂ ಹಾಗಾದರೆ ಮೊದಲು ಪರೀಕ್ಷಿಸಬೇಕಾದದ್ದು ಎಲ್‌ಎನ್‌ಬಿಯನ್ನು, ಅಂದರೆ ಡಿಶ್‌ನ ತೋಳಿನ ತುದಿಯಲ್ಲಿದ್ದು ತರಂಗಗಳನ್ನು ಕೆಳ ಆವರ್ತನಕ್ಕಿಳಿಸಿ ಕೇಬಲ್‌ಗೆ ಕೊಡುವ ಸಾಧನವನ್ನು, ಮತ್ತು ನೀರು ಹೊಕ್ಕು ಹಸಿರುಗಟ್ಟಿರಬಹುದಾದ ಆ ಕೇಬಲ್‌ನ ತಾಮ್ರದ ತುದಿಯನ್ನು.