ಸ್ಟೆಪ್ನಿ ಇಲ್ಲದ ಪ್ರಯಾಣ

ದೂರದೂರಿಗೆ ಹೊರಡುವಾಗ ಬುತ್ತಿ ಕಟ್ಟಿಕೊಳ್ಳಲು ನಾವು ಯಾರೂ ಮರೆಯುವುದಿಲ್ಲ. ಕುಡಿಯುವ ನೀರು, ಹಿರಿಯರ ಮದ್ದು, ಮಕ್ಕಳ ಬಟ್ಟೆ ಎಲ್ಲವೂ ಚೀಲ ಸೇರುತ್ತವೆ. ಆದರೆ ನಮ್ಮನ್ನೆಲ್ಲ ಹೊತ್ತು ಓಡುವ ನಾಲ್ಕು ಟಯರುಗಳ ಯೋಚನೆ ಬರುವುದು ಅವುಗಳಲ್ಲೊಂದು ನೆಲಕಚ್ಚಿದ ಮೇಲೆಯೇ. ಈ ಮಾತಿನ ಸತ್ಯ ನಮಗೆ ಅರಿವಾದದ್ದು ಕಳೆದ ಮಳೆಗಾಲದ ಒಂದು ಮುಸ್ಸಂಜೆ.

ಮಡಿಕೇರಿಯಲ್ಲಿ ಬಂಧುಗಳ ಮನೆಯ ಸಮಾರಂಭ ಮುಗಿಸಿ, ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ ನಾವು ಊರಿಗೆ ಮರಳುತ್ತಿದ್ದೆವು. ಜಾಲ್ಸೂರಿನಲ್ಲಿ ಚೆರ್ಕಳದ ಮಾರ್ಗ ಹಿಡಿದು ಸ್ವಲ್ಪ ದೂರ ಬಂದಾಗ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. "ಅದೆಂತ ದೀಪ?" ಎಂದು ಹಿಂದೆ ಕುಳಿತ ಅತ್ತೆಯವರು ಕೇಳಿದರು. "ಎಂತದ್ದೂ ಇಲ್ಲ, ಮನೆಗೆ ಹೋಗಿ ನೋಡುವ" ಎಂದೆವು. ಅತ್ತೆಯವರಿಗೆ ಸಕ್ಕರೆ ಕಾಯಿಲೆ. ರಾತ್ರಿಯ ಇಂಜೆಕ್ಷನ್ನು, ಊಟ ಎರಡೂ ಹೊತ್ತಿಗೆ ಸರಿಯಾಗಿ ಆಗಬೇಕು. ಆ ಅವಸರದಲ್ಲಿ ಕಾರು ಎಡಕ್ಕೆ ಎಳೆಯತೊಡಗಿದರೂ ನಾವು ನಿಲ್ಲಿಸಲಿಲ್ಲ. ಕೊನೆಗೆ ಟಯರೇ ನಮ್ಮನ್ನು ನಿಲ್ಲಿಸಿತು.

ಇಳಿದು ನೋಡಿದರೆ ಟಯರಿನ ಪಕ್ಕದ ಗೋಡೆ ಹರಿದು ಚಿಂದಿಯಾಗಿತ್ತು. ನಮ್ಮದು ಗ್ಯಾಸಿನಲ್ಲಿ ಓಡುವ ಕಾರು. ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಸಿಲಿಂಡರು ಕುಳಿತಿದೆ. ಆ ದಾರಿಯಾಗಿ ಬಂದ ಜೀಪಿನವರೊಬ್ಬರು ಇಳಿದು, "ಸ್ಟೆಪ್ಪಿನಿ ಇಲ್ಲೇ?" ಎಂದು ಮಲೆಯಾಳದಲ್ಲಿ ಕೇಳಿದಾಗ ತಲೆಯಾಡಿಸುವುದಲ್ಲದೆ ಬೇರೆ ಉತ್ತರವಿರಲಿಲ್ಲ. ಆ ಪುಣ್ಯಾತ್ಮರು ಅತ್ತೆಯವರನ್ನೂ ಮನೆಯವರನ್ನೂ ಮುಳ್ಳೇರಿಯಕ್ಕೆ ತಲುಪಿಸಿದರು. ಕಾರು ರಾತ್ರಿಯಿಡೀ ದಾರಿ ಬದಿಯಲ್ಲೇ ಉಳಿಯಿತು.

ಮರುದಿನ ಬಂದ ಪಂಕ್ಚರ್ ಅಂಗಡಿಯ ಹುಡುಗ ಟಯರನ್ನು ತಿರುಗಿಸಿ ನೋಡಿ, ನಡುವಿನ ಭಾಗದಲ್ಲಿ ಹೊಕ್ಕಿದ್ದ ಸಣ್ಣ ಮೊಳೆಯೊಂದನ್ನು ತೋರಿಸಿದ. "ದೀಪ ಕಂಡ ಕೂಡಲೆ ನಿಲ್ಲಿಸುತ್ತಿದ್ದರೆ ಹತ್ತು ನಿಮಿಷದ ಕೆಲಸ ಸಾರ್. ಗಾಳಿ ಇಲ್ಲದೆ ಓಡಿಸಿದ್ದರಿಂದ ಟಯರೇ ಹೋಯಿತು" ಎಂದ. ನಮ್ಮನ್ನು ಹೆಚ್ಚು ನಾಚಿಸಿದ್ದು ಇನ್ನೊಂದು ಸಂಗತಿ. ಕಾರಿನೊಡನೆ ಬಂದ ದುರಸ್ತಿಯ ಕಿಟ್ಟು ಡಿಕ್ಕಿಯ ಮೂಲೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಬಿದ್ದಿತ್ತು!

ಇಲ್ಲೊಂದು ಸ್ವಾರಸ್ಯದ ಚರಿತ್ರೆ ಇದೆ. ಮೊದಮೊದಲ ಮೋಟಾರು ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. 1904ರಲ್ಲಿ ವೇಲ್ಸ್ ದೇಶದ ಲನೆತ್ಲಿ ಪಟ್ಟಣದ ಡೇವಿಸ್ ಸಹೋದರರು ಅದನ್ನು ತಯಾರಿಸಿದರು. ಅವರ ಅಂಗಡಿ ಇದ್ದ ಬೀದಿಯ ಹೆಸರು ಸ್ಟೆಪ್ನಿ. ಆ ಬೀದಿಯ ಹೆಸರೇ ಕನ್ನಡ, ಮಲೆಯಾಳಗಳೆರಡರಲ್ಲೂ ಇಂದಿಗೂ ನಮ್ಮ ಚಾಲಕರ ಬಾಯಲ್ಲಿ ಉಳಿದಿದೆ. ಈಗ ಕಾಲಚಕ್ರ ಒಂದು ಸುತ್ತು ಬಂದಂತಿದೆ. 2020ರಲ್ಲಿ ಕೇಂದ್ರ ಸರಕಾರ ಮಾಡಿದ ತಿದ್ದುಪಡಿಯಂತೆ, ಟ್ಯೂಬ್‌ಲೆಸ್ ಟಯರು, ಗಾಳಿ ಇಳಿದರೆ ಎಚ್ಚರಿಸುವ ಸಾಧನ ಮತ್ತು ದುರಸ್ತಿಯ ಕಿಟ್ಟು ಇರುವ ಸಣ್ಣ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಾನೂನು ಸ್ಟೆಪ್ನಿಯನ್ನು ಬಿಡಲು ಒಪ್ಪಿದೆ ಸರಿ. ಆದರೆ ಅದರ ಬದಲಿಗೆ ಕೊಟ್ಟ ಸಾಧನಗಳನ್ನು ಬಳಸಲು ನಾವು ಕಲಿಯಬೇಡವೆ?

ಆ ಹುಡುಗನಿಂದಲೂ ಬಲ್ಲ ಇತರರಿಂದಲೂ ನಾವು ಕಲಿತದ್ದನ್ನು ವಾಚಕರ ಮುಂದಿಡುತ್ತೇವೆ. ಹೊರಡುವ ಮುನ್ನ, ಟಯರು ತಣ್ಣಗಿರುವಾಗಲೇ ಗಾಳಿ ನೋಡಿಸಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ತೋಡುಗಳ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಅಂತಹ ಟಯರನ್ನು ನಂಬಿ ಘಾಟಿ ಹತ್ತಬಾರದು.

ಜೊತೆಯಲ್ಲಿರಬೇಕಾದದ್ದು ಹೆಚ್ಚೇನಿಲ್ಲ: ಕಾರಿನ 12 ವೋಲ್ಟಿನ ಸಾಕೆಟಿಗೆ ಸಿಕ್ಕಿಸುವ ಸಣ್ಣ ಗಾಳಿ ಪಂಪು, ರಬ್ಬರು ಬತ್ತಿ ತುಂಬುವ ಸಲಕರಣೆ, ಇಕ್ಕುಳ, ಕೈದೀಪ, ಕೆಂಪು ತ್ರಿಕೋನ ಫಲಕ.

ಮೊಳೆ ಕಂಡ ಕೂಡಲೆ ಕೀಳಬಾರದು. ಅದೇ ತೂತಿಗೆ ಮುಚ್ಚಳವಾಗಿರುವುದುಂಟು. ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಪಂಪಿನಿಂದ ತುಂಬಿಸಿಕೊಂಡು, ಮೆಲ್ಲಗೆ ಹತ್ತಿರದ ಅಂಗಡಿ ಸೇರಬಹುದು. ಅದು ಸಾಧ್ಯವಿಲ್ಲದಿದ್ದರೆ ಕಾರನ್ನು ಸಮತಟ್ಟಾದ ಜಾಗದಲ್ಲಿ, ಮೊಳೆ ಕೈಗೆಟಕುವಂತೆ ನಿಲ್ಲಿಸಿ, ಕೈಬ್ರೇಕು ಹಾಕಬೇಕು. ಬಳಿಕ ಮೊಳೆ ಕಿತ್ತು, ಒರಟು ಸಲಾಕೆಯಿಂದ ತೂತನ್ನು ಉಜ್ಜಿ, ಸೂಜಿಗೆ ಪೋಣಿಸಿದ ಬತ್ತಿಯನ್ನು ಒಳಗೆ ತಳ್ಳಿ, ಸೂಜಿಯನ್ನು ಸರಕ್ಕನೆ ಹೊರಗೆಳೆದರೆ ಬತ್ತಿ ಅಲ್ಲೇ ಉಳಿಯುತ್ತದೆ. ಗಾಳಿ ತುಂಬಿ ಸಾಬೂನು ನೀರು ಹಚ್ಚಿದಾಗ ಗುಳ್ಳೆ ಏಳದಿದ್ದರೆ ಕೆಲಸವಾಯಿತೆಂದೇ ಲೆಕ್ಕ.

ಕೆಲವು ಕಿಟ್ಟುಗಳಲ್ಲಿ ಟಯರಿನೊಳಗೆ ತುಂಬುವ ದ್ರವದ ಬಾಟಲಿ ಇರುತ್ತದೆ. ಅದಕ್ಕೂ ಅವಧಿಯುಂಟು, ಬಾಟಲಿಯ ಮೇಲಿನ ತಾರೀಕು ನೋಡಬೇಕು. ಅದನ್ನು ತುಂಬಿದ ಮೇಲೆ ಗಂಟೆಗೆ 80 ಕಿಲೋಮೀಟರು ಮೀರಕೂಡದು. ಇವೆಲ್ಲ ತಾತ್ಕಾಲಿಕ ಉಪಾಯಗಳು; ಅಂಗಡಿಯಲ್ಲಿ ಸರಿಯಾದ ದುರಸ್ತಿ ಆಗಲೇಬೇಕು. ಟಯರಿನ ಪಕ್ಕದ ಗೋಡೆ ಹರಿದರೆ ಬತ್ತಿಯೂ ಇಲ್ಲ, ದ್ರವವೂ ಇಲ್ಲ. ಆಗ ನೆರವು ಕೇಳುವುದೊಂದೇ ದಾರಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033, ಅಪಾಯವಿದ್ದರೆ ಎಲ್ಲಿಂದಲೂ 112.

ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹೋಗುವ ಕಾಡುದಾರಿಯಂತಹ ಕಡೆ ಅಂಗಡಿಯನ್ನು ನಂಬಿ ಹೊರಡುವಂತಿಲ್ಲ. ಆದ್ದರಿಂದ ಬಿಡುವಿನ ಭಾನುವಾರ ಮನೆಯಂಗಳದಲ್ಲೇ ಕಿಟ್ಟು ಬಿಚ್ಚಿ, ಗುಜರಿಗೆ ಹೋಗುವ ಹಳೆ ಟಯರೊಂದರ ಮೇಲೆ ಕೈ ಪಳಗಿಸಿಕೊಳ್ಳುವುದು ಲೇಸು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಹೊರಟವರ ಪಾಡು ನಮಗೀಗ ಚೆನ್ನಾಗಿ ಗೊತ್ತು.

ಅತ್ತೆಯವರಿಗೆ ಆ ರಾತ್ರಿ ಊಟ ಸಿಕ್ಕಾಗ ಹತ್ತು ಗಂಟೆ ಕಳೆದಿತ್ತು. ದೇವರ ದಯೆಯಿಂದ ಏನೂ ತೊಂದರೆಯಾಗಲಿಲ್ಲ. ಈಗ ಕಾರು ಹತ್ತುವ ಮುಂಚೆ ಅವರು ತಪ್ಪದೆ ಕೇಳುವುದು ಒಂದೇ ಮಾತು: "ಗಾಳಿ ನೋಡಿದ್ದೀರಷ್ಟೆ?"